ಹೋದಲಿಲ್ಲ ಎಂದು ಯಾರೂ ಅನ್ನುವುದಿಲ್ಲ

ಡಿಗ್ರಿ ಓದುವ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣದ ಗಂಧಗಾಳಿಯೂ ಇಲ್ಲ ಎಂಬ ಗೊಣಗಾಟ ನಾಡಿನ ಎಲ್ಲ ಕಾಲೇಜುಗಳ ಸ್ಟಾಫ್ ರೂಮಿನಲ್ಲೂ ಉಂಟು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಟ್ಟಿಗೆ ಮಾತ್ರ ಈ ದೂರು ಕೇಳಿದರೆ ಸ್ವಲ್ಪ ನಗು ಬರುತ್ತದೆ. ಶೃಂಗೇರಿಯಲ್ಲಿ ವ್ಯಾಕರಣವೆಂದರೆ ಶಾಸ್ತ್ರ. ಪಾಣಿನಿಯ ಸುಮಾರು 4,000 ಸೂತ್ರಗಳನ್ನು ವರ್ಷಗಟ್ಟಲೆ ಕೂತು ಅರೆದು ಕುಡಿಯುವವರು ಆ ಊರಿನಲ್ಲಿದ್ದಾರೆ. ಅದೇ ಊರಿನ ಬಿ.ಕಾಂ. ಹುಡುಗ ಇಂಗ್ಲಿಷಿನ ಒಂದು ಬಡಪಾಯಿ ‘ಎಸ್’ ಅಕ್ಷರವನ್ನು ಎಲ್ಲಿ ಹಚ್ಚಬೇಕೆಂದು ತಿಳಿಯದೆ ಬೆವರುತ್ತಾನೆ. ಮಲೆನಾಡಿನ ನಾಲಿಗೆಗೂ ಇಂಗ್ಲಿಷಿಗೂ ಆಗಿಬರುವುದಿಲ್ಲ ಎನ್ನೋಣವೆಂದರೆ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಮೊದಲು ಅಚ್ಚು ಹಾಕಿಸಿದ್ದೇ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಕ, 1922ರಲ್ಲಿ. ಈ ಮೂರು ತಾಲ್ಲೂಕುಗಳ ಡಿಗ್ರಿ ಮಕ್ಕಳು ಪರೀಕ್ಷೆ ಬರೆಯುವುದೂ ಅವರ ಹೆಸರಿನ ವಿಶ್ವವಿದ್ಯಾಲಯಕ್ಕೇ. ಇನ್ನು ಎನ್.ಆರ್. ಪುರದವರಂತೂ ಊರಿನ ಹೆಸರಿನಲ್ಲೇ ಎರಡು ಇಂಗ್ಲಿಷ್ ಅಕ್ಷರ ಇಟ್ಟುಕೊಂಡು, ‘ನಮಗೆ ಇಂಗ್ಲಿಷ್ ಬರಲ್ಲ ಮಾರಾಯ್ರೆ’ ಎನ್ನುತ್ತಾರೆ.

ನನ್ನ ವಾದ ಇಷ್ಟೆ: ಈ ಮಕ್ಕಳು ಮಾಡುವ ಎಷ್ಟೋ ತಪ್ಪುಗಳು ವ್ಯಾಕರಣ ಬಾರದ್ದಕ್ಕೆ ಆದವಲ್ಲ, ಕನ್ನಡದ ವ್ಯಾಕರಣ ಚೆನ್ನಾಗಿ ಬರುವುದರಿಂದ ಆದವು. ಹಾಗಾಗಿ ಇಂಗ್ಲಿಷ್ ವ್ಯಾಕರಣದ ಪಾಠ ಶುರುವಾಗಬೇಕಾದ್ದು ಕನ್ನಡವೂ ಇಂಗ್ಲಿಷೂ ಎಲ್ಲಿ ಕೈಕುಲುಕುತ್ತವೆ, ಎಲ್ಲಿ ಜಗಳವಾಡುತ್ತವೆ ಎಂಬುದರಿಂದ. ಈಗ ಅದು ಶುರುವಾಗುವುದು ನಾಮಪದದ ವಿಧಗಳಿಂದ, 12 ಮನೆಗಳ ಟೆನ್ಸ್ ಕೋಷ್ಟಕದಿಂದ. ಆಮೇಲೆ ಆ್ಯಕ್ಟಿವ್ ವಾಯ್ಸು, ಪ್ಯಾಸಿವ್ ವಾಯ್ಸು. ‘ರಾಮ ಕಿಲ್ಡ್ ರಾವಣ’ ಎಂದಿದ್ದದ್ದನ್ನು ‘ರಾವಣ ವಾಸ್ ಕಿಲ್ಡ್ ಬೈ ರಾಮ’ ಎಂದು ತಿರುಗಿಸಬೇಕು. ಹೈಸ್ಕೂಲಿನಿಂದ ಡಿಗ್ರಿಯವರೆಗೆ ರಾವಣ ವರ್ಷವರ್ಷವೂ ಎರಡೆರಡು ಸಲ ಸಾಯುತ್ತಾನೆ. ಆದರೂ ಎರಡು ದಿನದ ರಜೆ ಕೇಳಿ ಒಂದು ಅರ್ಜಿ ಬರೆಯಲು ಬರುವುದಿಲ್ಲ. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಅಧ್ಯಾಪಕರ ಮೇಜಿನ ಮೇಲೆ ಇವತ್ತಿಗೂ ಕೂತಿರುವ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಮೂಲತಃ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆ ಮಕ್ಕಳಿಗೆ ಇಂಗ್ಲಿಷ್ ಮನೆಯಲ್ಲೇ ಬರುತ್ತಿತ್ತು, ಬಂದದ್ದಕ್ಕೆ ಹೆಸರಿಡುವುದೊಂದೇ ಬಾಕಿ ಇತ್ತು. ನಮ್ಮ ಮಕ್ಕಳಿಗೆ ಹೆಸರುಗಳೆಲ್ಲ ಬಾಯಿಪಾಠವಾಗಿವೆ, ಹೆಸರಿಡಬೇಕಾದ ವಾಕ್ಯವೇ ಇಲ್ಲ.

ಮೊದಲು ಕೈಕುಲುಕುವ ಜಾಗ ನೋಡೋಣ. ಅತಿ ಪ್ರಸಿದ್ಧವಾದ ತಪ್ಪೊಂದನ್ನೇ ತೆಗೆದುಕೊಳ್ಳಿ. ‘ಐ ಡಿಡ್ ನಾಟ್ ವೆಂಟ್’. ಇದನ್ನು ತಿದ್ದಲು ಅಧ್ಯಾಪಕರು ‘ಡಿಡ್ ಬಂದ ಮೇಲೆ ಕ್ರಿಯಾಪದದ ಮೂಲರೂಪವನ್ನೇ ಬಳಸತಕ್ಕದ್ದು’ ಎಂದು ಬೋರ್ಡಿನ ಮೇಲೆ ಬರೆಸುತ್ತಾರೆ. ಹುಡುಗ ಅದನ್ನು ನೋಟ್ಸಿಗೆ ಇಳಿಸಿಕೊಂಡು, ಕೆಳಗಿನ ಸಾಲಿನಲ್ಲೇ ಮತ್ತೆ ‘ಡಿಡ್ ನಾಟ್ ವೆಂಟ್’ ಎಂದು ಬರೆಯುತ್ತಾನೆ. ಅವನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: ‘ನಿನ್ನೆ ತೋಟಕ್ಕೆ ಹೋದೆ’ ಎನ್ನುವವನು ಇಲ್ಲ ಎಂದು ಹೇಳಬೇಕಾದರೆ ಏನನ್ನುತ್ತಾನೆ? ‘ಹೋಗಲಿಲ್ಲ’ ಎನ್ನುತ್ತಾನೆ. ‘ಹೋದಲಿಲ್ಲ’ ಎಂದು ಕೊಪ್ಪದಲ್ಲಿ ಮೂರು ವರ್ಷದ ಕೂಸೂ ಅನ್ನುವುದಿಲ್ಲ. ‘ಹೋದ’ ಎಂಬ ಭೂತರೂಪ ನಿಷೇಧ ಬಂದ ಕೂಡಲೇ ಜಾಗ ಖಾಲಿ ಮಾಡುತ್ತದೆ, ‘ಹೋಗು’ ಎಂಬ ಮೂಲ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ನಡೆಯುವುದೂ ಅದೇ. ಇಷ್ಟಕ್ಕೇ ಮುಗಿಯಲಿಲ್ಲ. ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತೇನೆ ಎಂದು ಆಳಿಗೊಂದು ಬಾಲ ಕಟ್ಟುವ ಕನ್ನಡ, ‘ಹೋಗುವುದಿಲ್ಲ’ ಎಂದೊಡನೆ ಎಲ್ಲ ಬಾಲಗಳನ್ನೂ ಕತ್ತರಿಸಿ ಬಿಸಾಡುತ್ತದೆ. ಅವನೂ ಹೋಗುವುದಿಲ್ಲ, ಅವಳೂ ಹೋಗುವುದಿಲ್ಲ, ನಾನೂ ಹೋಗುವುದಿಲ್ಲ. ‘ಹಿ ಗೋಸ್’ ಎನ್ನುವಾಗ ಇದ್ದ ‘ಎಸ್’ ಅನ್ನು ‘ಡಸ್ ನಾಟ್ ಗೋ’ ಎನ್ನುವಾಗ ‘ಗೋ’ ಕಳೆದುಕೊಳ್ಳುವುದು ಇದಕ್ಕಿಂತ ದೊಡ್ಡ ವಿಸ್ಮಯವೇನಲ್ಲ. ಇಷ್ಟೊಂದು ಬಾಲಗಳನ್ನು ನಿಭಾಯಿಸುವವನು ಒಂದೇ ಬಾಲದ ಭಾಷೆಗೆ ಹೆದರುವುದು, ಎಮ್ಮೆ ಹಿಂಡು ಕಾಯುವವನು ಆಡಿನ ಮರಿಗೆ ಹೆದರಿದಂತೆ.

ಜಗಳದ ಜಾಗಗಳೂ ಇವೆ. ‘ಬಂದ್ಲು’ ಎಂದರೆ ಕನ್ನಡದಲ್ಲಿ ‘ಅವಳು’ ಬೇಕಿಲ್ಲ, ಬಂದದ್ದು ಯಾರೆಂದು ಬಾಲವೇ ಹೇಳುತ್ತದೆ. ಇಂಗ್ಲಿಷ್ ತನ್ನ ಬಹುತೇಕ ಬಾಲಗಳನ್ನು ಶತಮಾನಗಳ ದಾರಿಯಲ್ಲಿ ಉದುರಿಸಿಕೊಂಡಿರುವುದರಿಂದ ಪ್ರತಿ ವಾಕ್ಯದ ಬಾಗಿಲಲ್ಲೂ ಒಬ್ಬ ಕರ್ತೃವನ್ನು ನಿಲ್ಲಿಸಲೇಬೇಕು. ಯಾರೂ ಸಿಗದಿದ್ದರೆ ‘ಇಟ್’ ಎಂಬ ಕೂಲಿಯಾಳನ್ನು ಕರೆತರುತ್ತದೆ. ಮಲೆನಾಡಿನಲ್ಲಿ ಮಳೆಯೇ ಯಜಮಾನ. ಬರುತ್ತದೆ, ಹಿಡಿಯುತ್ತದೆ, ಹೊಯ್ಯುತ್ತದೆ, ಮನಸ್ಸಾದರೆ ಹೊಳವಾಗುತ್ತದೆ. ಬಾರದಿದ್ದರೆ ಬರಲಿ ಎಂದೂ, ಜಾಸ್ತಿಯಾದರೆ ನಿಲ್ಲಲಿ ಎಂದೂ ಕಿಗ್ಗದ ಋಷ್ಯಶೃಂಗನಿಗೆ ಪೂಜೆ ಸಲ್ಲುತ್ತದೆ. ಇಂಥ ಮಳೆಯನ್ನು ಕೆಳಗಿಳಿಸಿ ‘ಇಟ್ ಈಸ್ ರೈನಿಂಗ್’ ಎನ್ನಬೇಕು. ಈ ‘ಇಟ್’ ಯಾರಪ್ಪಾ ಎಂದರೆ ಲಂಡನ್ನಿನವರಿಗೂ ಗೊತ್ತಿಲ್ಲ. ‘ರೈನ್ ಈಸ್ ಕಮಿಂಗ್’ ಎಂದು ಬರೆದ ಹುಡುಗ ಮಳೆಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿದ್ದಾನೆ, ಅಂಕ ಹೋಗುತ್ತದೆ ಅಷ್ಟೆ. ಹಾಗೆಯೇ ‘ಟೆನ್ ಟ್ರೀ’. ಹತ್ತು ಮರ ಎಂದ ಮೇಲೆ ಲೆಕ್ಕ ಮುಗಿಯಿತಲ್ಲ, ‘ಗಳು’ ಯಾಕೆ ದಂಡಕ್ಕೆ ಎಂಬುದು ಕನ್ನಡದ ಮಿತವ್ಯಯ. ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬುದರ ಹಿಂದೆಯೂ ‘ಇದ್ದಾರೆ’ಯ ಕೈವಾಡವಿದೆ ಎನಿಸುತ್ತದೆ. ‘ಬರ್ತಾ ಇದ್ದಾರೆ’ ಎನ್ನುವಾಗಲೂ ಅದೇ, ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎನ್ನುವಾಗಲೂ ಅದೇ. ‘ಹ್ಯಾವಿಂಗ್ ಕಾಫಿ’ ಸರಿ, ‘ಹ್ಯಾವಿಂಗ್ ಬ್ರದರ್ಸ್’ ಸರಿಯಲ್ಲ. ಯಾಕೆಂದರೆ ಕಾಫಿ ಐದು ನಿಮಿಷದಲ್ಲಿ ಮುಗಿಯುತ್ತದೆ, ತಮ್ಮಂದಿರು ಮುಗಿಯುವುದಿಲ್ಲ. ಹೀಗೆ ಹೇಳಿದರೆ ನೆನಪಿನಲ್ಲಿ ಉಳಿಯದೆ ಎಲ್ಲಿಗೆ ಹೋಗುತ್ತದೆ?

ಕನ್ನಡ ಹಿಡಿದುಕೊಂಡು ಇಂಗ್ಲಿಷ್ ಕಲಿಸಿದರೆ ಮಕ್ಕಳು ಜೀವಮಾನವಿಡೀ ಮನಸ್ಸಿನಲ್ಲೇ ಅನುವಾದ ಮಾಡುತ್ತಿರುತ್ತಾರೆ ಎಂಬುದು ಬಲವಾದ ಆಕ್ಷೇಪ. ಆದರೆ ಹದಿನೆಂಟು ವರ್ಷದವರು ತಾಯಿನುಡಿಯನ್ನು ಕಾಲೇಜಿನ ಜಗಲಿಯಲ್ಲಿ ಬಿಚ್ಚಿಟ್ಟು ಒಳಗೆ ಬರಲಾರರು. ಹೋಲಿಕೆ ಹೇಗೂ ನಡೆಯುತ್ತದೆ, ಕದ್ದು ನಡೆಯುವ ಬದಲು ಬೋರ್ಡಿನ ಮೇಲೆ ನಡೆಯಲಿ ಎಂದಷ್ಟೇ ನಾನು ಹೇಳುವುದು. ವ್ಯಾಕರಣವೇ ಬೇಡ, ಮಾತಾಡುತ್ತಾ ಹೋದರೆ ತಾನಾಗಿ ಬರುತ್ತದೆ ಎನ್ನುವವರು ಇನ್ನೊಂದು ಪಂಗಡ. ಬೆಳಗಿನಿಂದ ರಾತ್ರಿಯವರೆಗೆ ಇಂಗ್ಲಿಷ್ ಕಿವಿಗೆ ಬೀಳುವ ಊರಿನಲ್ಲಿ ಅದು ನಿಜ. ಎನ್.ಆರ್. ಪುರದ ಸಂತೆಯಲ್ಲಿ ಯಾರೂ ಬದನೆಕಾಯಿಯನ್ನು ಇಂಗ್ಲಿಷಿನಲ್ಲಿ ಚೌಕಾಸಿ ಮಾಡುವುದಿಲ್ಲ. ಕೇಳುವುದು ಕಡಿಮೆ ಇರುವ ಕಡೆ ನಿಯಮವೇ ಒಳದಾರಿ. ಮೊಬೈಲು ತಿದ್ದಿಕೊಡುತ್ತದಲ್ಲ ಎನ್ನುವವರಿಗೆ ಒಂದೇ ಉತ್ತರ: ಇಂಟರ್‌ವ್ಯೂನಲ್ಲಿ ಅದನ್ನು ಸ್ವಿಚ್ ಆಫ್ ಮಾಡಿಸುತ್ತಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು, ಸಂಸ್ಕೃತದ ಅಂಗಿ ಕನ್ನಡಕ್ಕೆ ಹೊಂದುವುದಿಲ್ಲವೆಂದು, ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಹೆಸರಿನ ಪುಸ್ತಕವನ್ನೇ ಬರೆದರು. ಕನ್ನಡಿಗರಿಗೆ ಬೇಕು ಕನ್ನಡಿಗರದ್ದೇ ಇಂಗ್ಲಿಷ್ ವ್ಯಾಕರಣ ಎಂದು ಇನ್ನೊಂದನ್ನು ಯಾರಾದರೂ ಪುಣ್ಯಾತ್ಮರು ಬರೆಯಬೇಕು.

ಆ ಪುಣ್ಯಾತ್ಮರೂ ಕೈಚೆಲ್ಲುವ ಜಾಗ ‘ದಿ’. ‘ಪುಸ್ತಕ ಓದಿದೆ’ ಎಂದರೆ ಯಾವುದೋ ಒಂದು, ‘ಪುಸ್ತಕವನ್ನು ಓದಿದೆ’ ಎಂದರೆ ಗೊತ್ತಿರುವ ಆ ಪುಸ್ತಕ ಎಂಬ ಸುಳಿವು ಕನ್ನಡದಲ್ಲೂ ಸ್ವಲ್ಪ ಸಿಗುತ್ತದೆ ನಿಜ. ಆದರೆ ತುಂಗೆಗೆ ‘ದಿ’ ಉಂಟು, ಅದರ ದಡದ ಶೃಂಗೇರಿಗೆ ಇಲ್ಲ. ಭದ್ರೆಗೆ ಉಂಟು, ಅಷ್ಟುದ್ದದ ನರಸಿಂಹರಾಜಪುರಕ್ಕೆ ಇಲ್ಲ. ಇದಕ್ಕೆ ಸೂತ್ರ ಹುಡುಕುತ್ತಾ ಕೂತರೆ ಸೆಮಿಸ್ಟರ್ ಮುಗಿದುಹೋಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಇಂಗ್ಲಿಷ್ ಪತ್ರಿಕೆಯ ಒಂದೇ ಒಂದು ಪುಟ ತೆಗೆದು, ‘ದಿ’ ಎಲ್ಲೆಲ್ಲಿ ಕೂತಿದೆ, ಎಲ್ಲಿ ಕೂತಿಲ್ಲ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗಿ. ಕ್ರೀಡಾಪುಟದಿಂದ ಶುರುಮಾಡಿದರೂ ಅಡ್ಡಿಯಿಲ್ಲ.