ಅಬ್ಬೆ ಅಂದರೆ ಇನಿಶಿಯಲ್ಲಾ ಸರ್?

ಜಪಾನಿನ ಬಾಸ್ ಕಂಪನಿ 1977ರಲ್ಲಿ ಓವರ್‌ಡ್ರೈವ್ ಪೆಡಲ್ ತಂದದ್ದರ ಫಲವನ್ನು ಈಗ ಅಬ್ಬೆತುಮಕೂರಿನಲ್ಲಿ ನಾವು ಉಣ್ಣುತ್ತಿದ್ದೇವೆ. ಅಣ್ಣನ ಮಗನಿಗೆ ಗಿಟಾರನ್ನು ಕೈಯಲ್ಲಷ್ಟೇ ಬಾರಿಸಿದರೆ ಸಾಲದಂತೆ, ಕಾಲಿಗೂ ಕೆಲಸ ಬೇಕಂತೆ. ಹಲಗೆಯ ಮೇಲೆ ಸಾಲಾಗಿ ಕೂರಿಸಿದ: ಟ್ಯೂನರ್, ದನಿಯನ್ನು ಗೊರಗೊರ ಅನ್ನಿಸುವ ಓವರ್‌ಡ್ರೈವ್, ಕೊನೆಗೆ ಪ್ರತಿಧ್ವನಿ ಕೊಡುವ ಡಿಲೇ. ಈ ಸಾಲು ತಪ್ಪಿದರೆ ಪ್ರತಿಧ್ವನಿಯೂ ಗೊರಗೊರ ಅನ್ನುತ್ತದೆ.

ಸಾಮಾನ್ಯವಾಗಿ ಪೆಡಲ್ಲಿಗೆ 9 ವೋಲ್ಟ್ ಸಾಕು. ಆದರೆ ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಮನೆಯಲ್ಲಿ ಬಿದ್ದಿರುವ ಅಡಾಪ್ಟರುಗಳು ಹೆಚ್ಚಾಗಿ ಇದರ ತಿರುಗಾಮುರುಗಾ. ಸರಿಯಾದದ್ದೇ ತರಿಸಿ, ಅದೊಂದರಿಂದಲೇ ಮೂರಕ್ಕೂ ಕವಲು ಎಳೆದ. ಸ್ವಿಚ್ ಒತ್ತಿದರೆ ಬರೀ ಗುಂಯ್!

ಅವ್ವ ಅಂದಳು: “ಇರಲಿ ಬಿಡೋ, ಮಠದಾಗ ಭಜನಿಗೆ ಶ್ರುತಿ ಆಗ್ತದ.”

ಅಷ್ಟರಲ್ಲಿ ಡಿಲೇ ಪೆಡಲ್ಲೇ ಕಣ್ಣು ಮುಚ್ಚಿತು. ಗ್ಯಾರಂಟಿ ಇತ್ತು, ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದ. ಕಾಯಿಸುವಾಗ ಹಾಕುವ ಆ ಸಂಗೀತಕ್ಕೆ ಮಾತ್ರ ಯಾವ ಗುಂಯ್ ಸದ್ದೂ ಇರುವುದಿಲ್ಲ, ನೋಡಿ.

“ಯಾವ ಊರು ಸರ್?”

“ಅಬ್ಬೆತುಮಕೂರು, ಯಾದಗಿರಿ ಜಿಲ್ಲಾ.”

“ತುಮಕೂರು ತಾನೇ ಸರ್?”

“ಅಲ್ರೀ ಮೇಡಂ, ಮುಂದ ಅಬ್ಬೆ ಅದ.”

“ಅಬ್ಬೆ ಅಂದರೆ ನಿಮ್ಮ ಇನಿಶಿಯಲ್ಲಾ ಸರ್?”

ಹೊಸ ಪೆಡಲ್ ಹೊರಟಿತು. ವಾರ ಕಳೆದ ಮೇಲೆ ಮೆಸೇಜ್ ಬಂತು: ತುಮಕೂರಿನ ವಿಳಾಸದಲ್ಲಿ ಗ್ರಾಹಕರು ಮನೆಯಲ್ಲಿ ಇರಲಿಲ್ಲ.