ಮೂರನೇ ಕಾಪಿಯ ಧಾರೆ ಸೀರೆ

ನಿನ್ನೆ ಸಂಜೆ ನುಗ್ಗೆಕಾಯಿ ಕೊಡೋಕೆ ಬೇಲಿ ಹತ್ತಿರ ಬಂದ ಪಕ್ಕದ ಮನೆ ಹುಡುಗ, "ಆಂಟೀ, ಪ್ರೀಮಿಯರ್‌ನಲ್ಲಿ ನನ್ನ ಸಿನಿಮಾದ ಎಡಿಟ್ ಮುಗೀತು. ಕಲರ್ ಮಾಡೋಕೆ ಡಾವಿಂಚಿ ಸಾಫ್ಟ್‌ವೇರ್‌ಗೆ ಕಳಿಸ್ಬೇಕು. ಎಚ್.264ನಲ್ಲೇ ತೆಗೀಲಾ? ಫೈಲ್ ಚಿಕ್ಕದಾಗಿರುತ್ತೆ" ಅಂದ. ಬೇಡ ಕಣೋ ಅಂದೆ.

ಎಚ್.264 ಲೆಕ್ಕ ಗೊತ್ತಲ್ಲ? ಒಂದು ಫ್ರೇಮ್ ಪೂರ್ತಿ ಬರೆದಿಟ್ಟು, ಮುಂದಿನವಕ್ಕೆಲ್ಲ 'ಮೇಲಿನಂತೆ, ಇಷ್ಟು ಬದಲು' ಅಂತ ಷರಾ ಎಳೆಯೋದು. ಕೂತು ನೋಡೋಕೆ ಅಷ್ಟು ಸಾಕು. ನಡುವೆ ಕತ್ತರಿ ಹಾಕಿದರೆ ಮಾತ್ರ ಪಾಪ, ಆ ಒಂದು ಫ್ರೇಮ್‌ಗಾಗಿ ಸಾಫ್ಟ್‌ವೇರ್ ಹಿಂದಕ್ಕೆ ಓಡಿ ಹುಡುಕಬೇಕು. ಎಡಿಟಿಂಗ್‌ಗೆಂದೇ ಇರುವ ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಡಿ ಫಾರ್ಮ್ಯಾಟ್‌ಗಳಲ್ಲಿ ಆ ಪರದಾಟವಿಲ್ಲ. ಪ್ರತಿ ಫ್ರೇಮೂ ಸ್ವಂತ ಕಾಲಮೇಲೆ ನಿಂತಿರುತ್ತೆ.

ಬೇಡ ಅನ್ನೋಕೆ ಇನ್ನೊಂದು ಕಾರಣವೂ ಇದೆ. ನಮ್ಮಕ್ಕನ ಮದುವೆ ವಿಎಚ್‌ಎಸ್ ಕ್ಯಾಸೆಟ್ ನೆನಪಾಗುತ್ತೆ. ಅತ್ತೆಗೊಂದು ಕಾಪಿ, ಅತ್ತೆಯ ಕಾಪಿಯಿಂದ ಚಿಕ್ಕಮ್ಮನಿಗೊಂದು, ಅದರಿಂದ ಇನ್ನೊಂದು. ಮೂರನೇದರಲ್ಲಿ ಧಾರೆ ಸೀರೆಯ ಕೆಂಪು ಅಂಚು ದಾಟಿ ಅಕ್ಕನ ಕೈಮೇಲೆಲ್ಲ ಹರಡಿತ್ತು. ಜರಿಯ ಹಂಸಗಳು ಹೋಗಿ ಬರೀ ಹಳದಿ ಗೆರೆ ಉಳಿದಿತ್ತು. ಆ ಹಂಸಗಳನ್ನೇ ನೋಡಿ ನೋಡಿ ಅಜ್ಜಿ ಆರಿಸಿದ್ದ ಸೀರೆ ಅದು.

ಈಗಿನ ಫೈಲು ಕಾಪಿ ಮಾಡಿದರೆ ಸವೆಯೋದಿಲ್ಲ, ಹಿಂಡಿ ಹಿಂಡಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದರೆ ಸವೆಯುತ್ತೆ. ಅದರಲ್ಲೂ ಹುಡುಗ ಶೂಟ್ ಮಾಡಿರೋದು 10 ಬಿಟ್‌ನಲ್ಲಿ. ಒಂದೊಂದು ಬಣ್ಣಕ್ಕೂ 1024 ಮೆಟ್ಟಿಲು. ಸಾಮಾನ್ಯ ಎಚ್.264 ಅಂದರೆ 8 ಬಿಟ್, 256ಕ್ಕೆ ಇಳೀತು. ಅವನು ತೆಗೆದ ಮುಸ್ಸಂಜೆಯ ಆಕಾಶಕ್ಕೆ ಆಮೇಲೆ ಬಣ್ಣ ಏರಿಸೋಕೆ ಹೋದರೆ ಪಟ್ಟೆ ಪಟ್ಟೆಯಾಗಿ ಕಾಣುತ್ತೆ.

ಹೆಸರುಗಳೂ ಒಂಥರಾ ಚೆಂದ. ಪ್ರೋರೆಸ್ 4444ರಲ್ಲಿ ಕೊನೆಯ 4 ಬಣ್ಣಕ್ಕಲ್ಲ, ಪಾರದರ್ಶಕ ಭಾಗಕ್ಕೆ. ಟೈಟಲ್, ಗ್ರಾಫಿಕ್ಸ್ ಕಳಿಸುವಾಗ ಬೇಕಾಗೋದು ಅದೇ. ಡಿಎನ್‌ಎಕ್ಸ್‌ಎಚ್‌ಡಿ 185 ಅಂದರೆ ಸೆಕೆಂಡಿಗೆ ಸುಮಾರು ಅಷ್ಟು ಮೆಗಾಬಿಟ್, ಹೆಸರಲ್ಲೇ ತೂಕ!

"ವಿಂಡೋಸ್‌ನಲ್ಲಿ ಪ್ರೋರೆಸ್ ಬರುತ್ತಾ?" ಅಂದ. ಮೊದಲು ಆಪಲ್ ಮನೆಯದ್ದೇ ಆಗಿತ್ತು, 2018ರ ಕೊನೆಯಿಂದ ವಿಂಡೋಸ್ ಪ್ರೀಮಿಯರ್‌ನಲ್ಲೂ ಎಕ್ಸ್‌ಪೋರ್ಟ್ ಆಗುತ್ತೆ. 1080, 25 ಫ್ರೇಮ್, 422 ಎಚ್‌ಕ್ಯೂ ಅಂದರೆ ಗಂಟೆಗೆ 83 ಜಿಬಿ. ಅವನ ಸಿನಿಮಾ 12 ನಿಮಿಷ, 17 ಜಿಬಿ ಒಳಗೇ. ಯೂಟ್ಯೂಬ್‌ಗೆ ಹಾಕುವಾಗ, ಎಲ್ಲ ಮುಗಿದ ಮೇಲೆ, ಒಂದೇ ಸಲ ಚಿಕ್ಕದು ಮಾಡಿಕೊಂಡರಾಯ್ತು ಅಂದೆ.

ರಾತ್ರಿ ಊಟದ ಹೊತ್ತಿಗೆ ಮತ್ತೆ ಬೇಲಿ ಹತ್ತಿರ ಬಂದ, 32 ಜಿಬಿ ಪೆನ್‌ಡ್ರೈವ್ ಇದ್ರೆ ಕೊಡಿ ಅಂತ. ಕೊಟ್ಟೆ. ಆ ಸಂಜೆಯ ಆಕಾಶ ಅವನು ಕಂಡ ಹಾಗೇ ಡಾವಿಂಚಿ ಸೇರಲಿ, ಅಲ್ವಾ?