ಹಾರ್ಡ್‌ಕವರಿನ ಮಡಿ

ಆರು ವರ್ಷದ ಒಬ್ಬ ಪೋರ, ಅವನದೊಂದು ಬಟ್ಟೆಯ ಹುಲಿ. ಬಿಲ್ ವಾಟರ್‌ಸನ್ 1985ರಿಂದ 1995ರವರೆಗೆ ಅಮೆರಿಕದ ದಿನಪತ್ರಿಕೆಗಳಿಗೆ ಬರೆದ ‘ಕ್ಯಾಲ್ವಿನ್ ಆ್ಯಂಡ್ ಹಾಬ್ಸ್’ನ ಬಂಡವಾಳ ಇಷ್ಟೇ. ಬೆಳಿಗ್ಗೆ ನೋಡಿ ನಕ್ಕು, ಸಂಜೆ ರದ್ದಿಗೆ ಹಾಕುವ ಸರಕು. 2005ರಲ್ಲಿ ಅಷ್ಟನ್ನೂ ಒಟ್ಟು ಮಾಡಿ, ಪೆಟ್ಟಿಗೆ ಸಮೇತ ಮೂರು ಹಾರ್ಡ್‌ಕವರ್ ಸಂಪುಟಗಳಾಗಿ ತಂದರು. ತೂಕ ಸುಮಾರು 10 ಕಿಲೋ. ಮಲಗಿಕೊಂಡು ಎದೆಯ ಮೇಲಿಟ್ಟು ಓದುವುದಕ್ಕೆ ಪಕ್ಕೆಲುಬಿನ ಮೇಲೆ ನಂಬಿಕೆ ಇರಬೇಕು. ಬಸ್ಸಿನಲ್ಲಿ ಓದೋಣವೆಂದರೆ ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯುತ್ತಾನೆ. ಕ್ಯಾಲ್ವಿನ್ನೇ ಎದ್ದು ಬಂದರೂ ತನ್ನ ಕಥೆಯನ್ನು ತಾನೇ ಎತ್ತಲಾರ. ತನ್ನ ಪಾತ್ರಗಳನ್ನು ಬೊಂಬೆ, ಟೀ ಶರ್ಟ್, ಕಾಫಿ ಕಪ್ಪು ಮಾಡಿ ಮಾರಲು ಒಪ್ಪದೆ ಬಂದ ಲಕ್ಷ್ಮಿಗೆ ಬಾಗಿಲು ಹಾಕಿದ ಹಟಮಾರಿ ವಾಟರ್‌ಸನ್, ಪುಸ್ತಕವೇ ಪೀಠೋಪಕರಣವಾಗುವುದನ್ನು ಮಾತ್ರ ತಡೆಯಲಿಲ್ಲ.

2012ರಲ್ಲಿ ಅದೇ ಸರಕು ನಾಲ್ಕು ಪೇಪರ್‌ಬ್ಯಾಕ್‌ಗಳಾಗಿ ಬಂತು. ದೊಡ್ಡ ಪೆಟ್ಟಿಗೆ ಕೊಂಡವರು ಅದನ್ನು ನೋಡಿ ಮೂಗು ಮುರಿಯುತ್ತಾರೆ. ಆಮೇಲೆ ಸದ್ದಿಲ್ಲದೆ ಅದನ್ನೂ ಕೊಂಡು, ಓದುವುದಕ್ಕೆ ಅದನ್ನೇ ತೆಗೆಯುತ್ತಾರೆ. ಸಂಗ್ರಾಹಕರ ಭಾಷೆಯಲ್ಲಿ ಇದಕ್ಕೆ ‘ರೀಡಿಂಗ್ ಕಾಪಿ’ ಅನ್ನುತ್ತಾರೆ. ಹಾಗಾದರೆ ಆ ಇನ್ನೊಂದು ಯಾವುದಕ್ಕೆ ಎಂದು ಕೇಳುವುದು ಸಭ್ಯತೆಯಲ್ಲ.

ಆ ಇನ್ನೊಂದಕ್ಕೆ ಮಡಿ ಉಂಟು. ನನ್ನ ಪರಿಚಯದ ಸಂಗ್ರಾಹಕರೊಬ್ಬರ ಮನೆಯಲ್ಲಿ ದೇವರ ಗೂಡಿಗೆ ಬಾಗಿಲಿಲ್ಲ, ಕಾಮಿಕ್ಸ್ ಕಪಾಟಿಗೆ ಬೀಗ ಇದೆ. ಪಕ್ಕದ ಮನೆಯ ಹುಡುಗ ಒಂದು ಭಾನುವಾರ ಬಂದು, “ಅಂಕಲ್, ಸ್ಪೈಡರ್‌ಮ್ಯಾನ್ ನೋಡ್ಲಾ?” ಎಂದ.

“ಕೈ ತೊಳ್ಕೊಂಡ್ಯಾ?”

“ಹೂಂ ಅಂಕಲ್.”

“ಚೆನ್ನಾಗಿ ಒರಸ್ಕೊಂಡ್ಯಾ?”

“ಹೂಂ.”

“ಸರಿ, ಅಲ್ಲಿಂದ್ಲೇ ನೋಡು.”

ರಟ್ಟನ್ನು ಕಾಯಲು ಡಸ್ಟ್ ಜಾಕೆಟ್. ಜಾಕೆಟ್ಟನ್ನು ಕಾಯಲು ಪಾರದರ್ಶಕ ಪ್ಲಾಸ್ಟಿಕ್. ಇಷ್ಟೆಲ್ಲ ಮಾಡಿದರೂ ಓದುಗನ ಕಾಟ ತಪ್ಪುವುದಿಲ್ಲವಾದ್ದರಿಂದ ಎಲ್ಲದರ ಮೇಲೂ ಒಂದು ಶ್ರಿಂಕ್‌ರ್ಯಾಪ್. ಅದನ್ನು ಹರಿದ ದಿನವೇ ಪುಸ್ತಕದ ಬೆಲೆ ಇಳಿಯುತ್ತದಂತೆ. ಹೀಗಾಗಿ ಆ ಮಹನೀಯರು ಕಥೆ ಗೊತ್ತಾಗಬೇಕಾದಾಗ ಮೊಬೈಲಿನಲ್ಲಿ ಓದಿಕೊಳ್ಳುತ್ತಾರೆ.

ಈ ಮಡಿಯ ವಂಶಾವಳಿ ತೆಗೆದರೆ ನಗು ಬರುತ್ತದೆ. 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ನ ಬೆಲೆ 10 ಸೆಂಟು. ಒಳಗೆ ಕೀಳು ದರ್ಜೆಯ ನ್ಯೂಸ್‌ಪ್ರಿಂಟು, ಬೆನ್ನಿಗೆ ಎರಡು ಪಿನ್ನು. ಓದಿ, ಮಡಚಿ ಚಡ್ಡಿ ಜೇಬಿಗೆ ತುರುಕಿ, ಗೆಳೆಯನಿಗೆ ಕೊಟ್ಟು ಇನ್ನೊಂದು ಈಸಿಕೊಳ್ಳಲೆಂದೇ ಹುಟ್ಟಿದ ಪ್ರಾಣಿ. ಎರಡನೇ ಮಹಾಯುದ್ಧದಲ್ಲಿ ಹಳೇ ಕಾಗದ ಒಟ್ಟುಮಾಡುವ ಅಭಿಯಾನಕ್ಕೆ ರಾಶಿರಾಶಿ ಹೋಯಿತು. ಉಳಿದದ್ದನ್ನು ಅಮ್ಮಂದಿರು ಮನೆ ಗುಡಿಸುವಾಗ ಹೊರಗೆ ಹಾಕಿದರು. ಅಮ್ಮಂದಿರ ಈ ಸೇವೆಯಿಂದಾಗಿಯೇ ಉಳಿದ ಕೆಲವಕ್ಕೆ ಬೆಲೆ ಬಂತು. ಅದೇ ಸಂಚಿಕೆಯ ಒಂದು ಪ್ರತಿ 2024ರ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಅಂಥ ಪ್ರತಿಗಳಿಗೆ ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡುವ ಕಂಪನಿಗಳೇ ಇವೆ. ಡಬ್ಬಿ ಒಡೆದರೆ ಅಂಕ ಹೋಯಿತು, ಒಡೆಯದಿದ್ದರೆ ಓದು ಹೋಯಿತು. ಯಾವುದು ಹೋದರೆ ನಷ್ಟ ಎಂಬುದರಲ್ಲಿ ಅಲ್ಲಿ ಯಾರಿಗೂ ಗೊಂದಲವಿಲ್ಲ.

ಪೇಪರ್‌ಬ್ಯಾಕ್ ಪಂಗಡದವರು ಇಷ್ಟು ಹೊತ್ತಿಗೆ ಮೀಸೆಯಡಿ ನಗುತ್ತಿರಬೇಕು. “ನಾವು ಓದುಗರು ಸ್ವಾಮಿ, ಸಂಗ್ರಾಹಕರಲ್ಲ” ಎನ್ನುವುದು ಇವರ ಮಂತ್ರ. ಬೆನ್ನು ಮುರಿದ, ಕಾಫಿ ಕಲೆ ಬಿದ್ದ ಪುಸ್ತಕವನ್ನು ಇವರೂ ಕಪಾಟಿನಲ್ಲಿ ಎದುರಿಗೇ ಇಡುತ್ತಾರೆ, ಕಲೆ ಕಾಣುವ ಹಾಗೆ. ಬಡತನದ ಪ್ರದರ್ಶನಕ್ಕೂ ಒಂದು ಸ್ಟ್ಯಾಂಡ್ ಬೇಕಲ್ಲ.

ಇವರಿಗೆ ‘ವಾಚ್‌ಮೆನ್’ ಪೇಪರ್‌ಬ್ಯಾಕಿನ ಕಥೆ ಹೇಳಬೇಕು. ಅಲನ್ ಮೂರ್ ಬರೆದು, ಡೇವ್ ಗಿಬ್ಬನ್ಸ್ ಚಿತ್ರಿಸಿ, 1986–87ರಲ್ಲಿ ಡಿಸಿ ಕಾಮಿಕ್ಸ್ 12 ಸಂಚಿಕೆಗಳಾಗಿ ತಂದ ಕೃತಿ ಅದು. ಪುಸ್ತಕ ಮುದ್ರಣದಲ್ಲಿಲ್ಲದೆ ಒಂದಿಷ್ಟು ಕಾಲ ಕಳೆದರೆ ಹಕ್ಕು ಲೇಖಕರಿಬ್ಬರಿಗೂ ವಾಪಸ್ ಎಂದು ಕರಾರಿನಲ್ಲಿತ್ತು. ಆ ಕಾಲದ ವಾಡಿಕೆ ನೋಡಿದರೆ ಉದಾರವಾದ ಷರತ್ತೇ. ಕಾಮಿಕ್ಸ್ ಆಗ ತಿಂಗಳೊಪ್ಪತ್ತು ಅಂಗಡಿಯಲ್ಲಿದ್ದು ಮಾಯವಾಗುತ್ತಿದ್ದವು. ಇನ್ನೇನು, ಸ್ವಲ್ಪ ವರ್ಷದಲ್ಲಿ ನಮ್ಮ ಕೂಸು ನಮ್ಮ ಮನೆಗೆ ಎಂದು ಮೂರ್ ಲೆಕ್ಕ ಹಾಕಿದರು. 1987ರಲ್ಲಿ ಹನ್ನೆರಡನ್ನೂ ಸೇರಿಸಿ ಒಂದು ಪೇಪರ್‌ಬ್ಯಾಕ್ ಬಂತು. ಚೆನ್ನಾಗಿ ಖರ್ಚಾಯಿತು. ಮತ್ತೆ ಅಚ್ಚು ಹಾಕಿದರು, ಮತ್ತೆ ಖರ್ಚಾಯಿತು. ಇವತ್ತಿನವರೆಗೂ ಅಚ್ಚು ಹಾಕುತ್ತಲೇ ಇದ್ದಾರೆ. ಹಕ್ಕು ವಾಪಸ್ ಬರಲೇ ಇಲ್ಲ. ಪುಸ್ತಕ ಸೋತಿದ್ದರೆ ಲೇಖಕ ಗೆಲ್ಲುತ್ತಿದ್ದ. ಮೂರ್ ಸಿಟ್ಟಿನಿಂದ ಡಿಸಿಯ ಸಹವಾಸ ಬಿಟ್ಟರು. 2009ರಲ್ಲಿ ಸಿನಿಮಾ ಬಂದಾಗ ತಮ್ಮ ಹೆಸರೂ ಬೇಡ ಎಂದರು. ಆದ್ದರಿಂದ ಪೇಪರ್‌ಬ್ಯಾಕ್ ಅಗ್ಗ ಎನ್ನುವವರು ಯಾರಿಗೆ ಅಗ್ಗ ಎಂಬುದನ್ನೂ ಸೇರಿಸಿ ಹೇಳುವುದು ಒಳ್ಳೆಯದು. ಅಂದಹಾಗೆ, ನೀವು ಬಣ್ಣ ತಿದ್ದಿ ಹಿಗ್ಗಿಸಿದ 2005ರ ‘ಅಬ್ಸೊಲ್ಯೂಟ್’ ಹಾರ್ಡ್‌ಕವರ್ ಕೊಂಡರೂ ಮೂರ್‌ಗೆ ಹಕ್ಕೇನೂ ವಾಪಸ್ ಬರುವುದಿಲ್ಲ. ಡಿಸಿಗೆ ಇನ್ನೊಮ್ಮೆ ದುಡ್ಡು ಬರುತ್ತದೆ, ಅಷ್ಟೆ.

ಇನ್ನೊಮ್ಮೆ ಎಂಬುದೇ ಈ ದಂಧೆಯ ಜೀವಾಳ. ಮೊದಲು ಬಿಡಿ ಸಂಚಿಕೆ. ಆರು ತಿಂಗಳಿಗೆ ಪೇಪರ್‌ಬ್ಯಾಕ್. ಅದು ಮನೆಗೆ ಬರುತ್ತಿದ್ದಂತೆ ‘ಡೀಲಕ್ಸ್’. ಆಮೇಲೆ ಸಾವಿರ ಪುಟದ ‘ಆಮ್ನಿಬಸ್’. ಅದು ಅಚ್ಚಿನಲ್ಲಿಲ್ಲ ಎಂಬ ಸುದ್ದಿ ಹಬ್ಬಿಸಿ, ಹಳೇ ಪ್ರತಿ ಮೂರು ಪಟ್ಟಿಗೆ ಮಾರಾಟವಾಗಿ, ಕೊನೆಯವನು ಸಾಲ ಮಾಡಿ ಕೊಂಡ ಮೇಲೆ ಮರುಮುದ್ರಣದ ಪ್ರಕಟಣೆ. ಕಥೆಯಲ್ಲಿ ಸ್ಪೈಡರ್‌ಮ್ಯಾನ್‌ನ ದೊಡ್ಡಪ್ಪ ಬೆನ್ ಸಾಯುವುದು ಒಂದೇ ಸಲ. ಅದಕ್ಕೆ ನಾವು ದುಡ್ಡು ಕೊಡುವುದು ಐದು ಸಲ.

ಹೋಗಲಿ, ಕೊಟ್ಟ ದುಡ್ಡಿಗೆ ಗಟ್ಟಿಯಾದರೂ ಇರುತ್ತದೆಯೇ? ರಟ್ಟು ದಪ್ಪಗಿದ್ದ ಮಾತ್ರಕ್ಕೆ ಒಳಗೆ ಹೊಲಿಗೆ ಇದೆ ಎಂದರ್ಥವಲ್ಲ. ಫಾರಂಗಳನ್ನು, ಅಂದರೆ ಮಡಚಿದ ಹಾಳೆಗಳ ಕಂತೆಗಳನ್ನು, ದಾರದಲ್ಲಿ ಹೊಲಿದರೆ ಪುಸ್ತಕ ಅಂಗಾತ ತೆರೆದುಕೊಳ್ಳುತ್ತದೆ. ಹಾಳೆಗಳ ಬೆನ್ನಿಗೆ ಬರೀ ಅಂಟು ಸುರಿದು ಮೇಲೆ ರಟ್ಟು ಹೊದಿಸಿದ ಹಾರ್ಡ್‌ಕವರ್‌ಗಳೂ ಬೇಕಾದಷ್ಟಿವೆ. ಮೇಲೆ ತಳುಕು, ಒಳಗೆ ಗೋಂದು. ಅಂಥದ್ದರಲ್ಲಿ ಎರಡು ಪುಟಕ್ಕೆ ಹರಡಿದ ಮಹಾಯುದ್ಧದ ಚಿತ್ರ ಬಂದರೆ ನಟ್ಟನಡುವೆ ನಿಂತ ನಾಯಕ ಬೆನ್ನಿನ ಸಂದಿಯಲ್ಲಿ ಕಳೆದುಹೋಗುತ್ತಾನೆ. ಎಡಕ್ಕೆ ಅವನ ಕೈ, ಬಲಕ್ಕೆ ಅವನ ಗದೆ. ಸಾವಿರ ಪುಟದ ಭಾರಕ್ಕೆ ನಿಲ್ಲಿಸಿಟ್ಟ ಆಮ್ನಿಬಸ್ಸಿನ ಹೊಟ್ಟೆ ರಟ್ಟಿನಿಂದ ಜಾರಿ ಕೆಳಗಿಳಿಯುತ್ತದೆಂದು ಅದರಡಿ ರಟ್ಟಿನ ತುಂಡು ಕೊಟ್ಟು ಆಸರೆ ಮಾಡುವ ಭಕ್ತರಿದ್ದಾರೆ. ಹಳದಿ ನ್ಯೂಸ್‌ಪ್ರಿಂಟ್ ಹೀರಿಕೊಳ್ಳಲೆಂದು ಗಾಢವಾಗಿ ಹಚ್ಚಿದ ಬಣ್ಣಗಳನ್ನು ಬೆಳ್ಳನೆಯ ಹೊಳಪು ಕಾಗದಕ್ಕೆ ಹಾಕುವುದು ಇನ್ನೊಂದು ಚಂದ. ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಹಲ್ಕ್ ಕಾಣುವುದಿಲ್ಲ, ಟ್ಯೂಬ್‌ಲೈಟೇ ಕಾಣುತ್ತದೆ.

ನಮ್ಮ ಕಡೆ ಹಾರ್ಡ್‌ಕವರನ್ನು ಪ್ರಕಾಶಕರು ಮಾಡುತ್ತಿರಲಿಲ್ಲ, ಬೈಂಡಿಂಗಿನವನು ಮಾಡುತ್ತಿದ್ದ. ಫ್ಯಾಂಟಮ್, ಮಾಂಡ್ರೇಕ್‌ರ ಕಥೆಗಳನ್ನು ಹೊತ್ತು 1964ರಿಂದ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಸಿಗುತ್ತಿತ್ತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಶುರು ಮಾಡಿದ ಅಮರ ಚಿತ್ರ ಕಥೆಯೂ ಇತ್ತು. ಸರ್ಕ್ಯುಲೇಟಿಂಗ್ ಲೈಬ್ರರಿಯವರು ಹತ್ತನ್ನು ಒಟ್ಟು ಸೇರಿಸಿ ಕೊಟ್ಟರೆ ಬೈಂಡಿಂಗಿನವನು ದಬ್ಬಳದಲ್ಲಿ ತೂತು ಹೊಡೆದು, ಟ್ವೈನ್ ದಾರ ಎಳೆದು, ಮೈಲುತುತ್ತ ಬೆರೆಸಿದ ಮೈದಾ ಅಂಟು ಬಳಿದು, ರೆಕ್ಸಿನ್ ಹಚ್ಚಿ ಕೊಡುತ್ತಿದ್ದ. ಹೊಲಿಗೆ ಒಳಗಿನ ಅಂಚನ್ನು ನುಂಗುತ್ತಿತ್ತು, ಕಟಿಂಗ್ ಮೆಷಿನ್ನು ಹೊರಗಿನ ಅಂಚನ್ನು. ಫ್ಯಾಂಟಮ್‌ನ ತಲೆ ಹಾರಿ, ಮಾತಿನ ಗುಳ್ಳೆಯಲ್ಲಿ ಅರ್ಧ ವಾಕ್ಯ ಉಳಿದು, ಯಾರು ಯಾರಿಗೆ ಗುದ್ದಿದರೆಂಬುದನ್ನು ನಾವೇ ಊಹಿಸಿಕೊಳ್ಳಬೇಕಿತ್ತು. ರಾಮಾಯಣದ ನಡುವೆ ಮಾಂಡ್ರೇಕ್ ಟೋಪಿ ಹಾಕಿಕೊಂಡು ಬರುತ್ತಿದ್ದುದೂ ಉಂಟು. ಅಷ್ಟಾದರೂ ಆ ಪುಸ್ತಕ ಊರೆಲ್ಲ ಸುತ್ತಿ ಬರುತ್ತಿತ್ತು. ಓದಲೆಂದು ಗಟ್ಟಿ ರಟ್ಟು ಹಾಕಿದ್ದ ಕಾಲವೊಂದಿತ್ತು ಎಂದರೆ ನಮ್ಮ ಸಂಗ್ರಾಹಕ ಮಹನೀಯರು ನಂಬುವುದಿಲ್ಲ.

ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಟಿನ್‌ಟಿನ್‌ನಂಥ 62 ಪುಟದ ಆಲ್ಬಮ್ಮಿಗೂ ಗಟ್ಟಿ ರಟ್ಟು. ಮಕ್ಕಳು ಜಾಮ್ ಮೆತ್ತಿದ ಕೈಯಲ್ಲೇ ಎತ್ತಿಕೊಳ್ಳುತ್ತಾರೆ. ಜಪಾನಿನಲ್ಲಿ ಮುಷ್ಟಿಯಲ್ಲಿ ಹಿಡಿಸುವ ಮಾಂಗಾ ಪೇಪರ್‌ಬ್ಯಾಕಿಗೂ ಒಂದು ಜಾಕೆಟ್. ರೈಲಿನಲ್ಲಿ ನಿಂತೇ ಓದಿ ಮುಗಿಸುತ್ತಾರೆ. ರಟ್ಟಿನ ದಪ್ಪಕ್ಕೂ ಕೃತಿಯ ಯೋಗ್ಯತೆಗೂ ಅಲ್ಲಿ ಯಾರೂ ಗಂಟು ಹಾಕಿಲ್ಲ.

ಆದರೆ ಮಡಿಯವರಿಗೆ ತಕ್ಕ ಉತ್ತರವೂ ಆ ಮಾಂಗಾದಿಂದಲೇ ಬಂತು. ಎಯಿಚಿರೊ ಒಡಾ ಬರೆಯುತ್ತಿರುವ ‘ಒನ್ ಪೀಸ್’ ನೂರು ಸಂಪುಟ ದಾಟಿದೆ. 2022ರಲ್ಲಿ ಇಲಾನ್ ಮನೂಆಕ್ ಎಂಬ ಕಲಾವಿದ ಅಂತರ್ಜಾಲದಲ್ಲಿ ಸಿಕ್ಕ ಅಷ್ಟೂ ಪುಟಗಳನ್ನು ಅಚ್ಚು ಹಾಕಿ ಒಂದೇ ಪುಸ್ತಕವಾಗಿ ಕಟ್ಟಿದ. 21,450 ಪುಟ. ಬೆನ್ನಿನ ಅಗಲವೇ ಹತ್ತಿರ ಹತ್ತಿರ 80 ಸೆಂಟಿಮೀಟರ್. ತೆರೆಯಲಾಗದು, ಓದಲಾಗದು, ಹಾಗೆಂದೇ ಮಾಡಿದ್ದು. ಬೆಲೆ 1,900 ಯೂರೋ, 50 ಪ್ರತಿ ಮಾತ್ರ. ಎಲ್ಲವೂ ಖರ್ಚಾದವು.

ಇದು ಕಾಮಿಕ್ಸನ್ನು ಸರಕು ಮಾಡಿಕೊಂಡವರ ಮೇಲಿನ ಟೀಕೆ ಎಂದು ನಮ್ಮ ಸಂಗ್ರಾಹಕರಿಗೆ ನಿಧಾನವಾಗಿ ಬಿಡಿಸಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಗಂಭೀರವಾಗಿ ಕೇಳಿಸಿಕೊಂಡರು.

“ಶ್ರಿಂಕ್‌ರ್ಯಾಪ್ ಸಮೇತ ಕಳಿಸ್ತಾರಾ?” ಎಂದರು.